ಹಬ್ಬದ ನಾಟಕ: ರಂಗಂಪೇಟೆಯ ಲೆಕ್ಕದ ಪುಸ್ತಕದಿಂದ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಯುವಜನರ ಕೂಟದಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಸಮಾರೋಪದ ರಾತ್ರಿ ತಮ್ಮ ಸಂಘದ ವತಿಯಿಂದ ಒಂದು ನಾಟಕ ಆಡಬೇಕೆಂಬ ಸಂಕಲ್ಪವಾಗಿದೆಯೆಂದೂ, ಅದನ್ನು ಹೇಗೆ ಹೊಂದಿಸಬೇಕೆಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದೂ ತಮ್ಮ ಕಾರ್ಯದರ್ಶಿಗಳು ನನ್ನ ಮನೆಯವರೆಗೆ ಬಂದು ಕೇಳಿಕೊಂಡರು. ನಾನು ತಮ್ಮ ಸಭೆಗೆ ಸೇರಿದವನಲ್ಲ. ನಾಟಕಶಾಸ್ತ್ರ ಓದಿದ ವಿದ್ವಾಂಸನಲ್ಲ. ನಟನಂತೂ ಅಲ್ಲವೇ ಅಲ್ಲ. ವೃತ್ತಿಯಿಂದ ಶಾಲಾಮಾಸ್ತರನಾಗಿದ್ದವನು. ರಂಗಂಪೇಟೆಯಲ್ಲಿದ್ದ ವರ್ಷಗಳಲ್ಲಿ ನಮ್ಮ ಓಣಿಯ ತರುಣರ ಸಂಘದ ನಾಟಕಗಳಿಗೆ ಪರದೆಯ ಮರೆಯಲ್ಲಿ ನಿಂತು ಪುಸ್ತಕ ಹಿಡಿದು ಮಾತು ಎತ್ತಿಕೊಟ್ಟೆನು, ಮತ್ತು ಲೆಕ್ಕ ಬರೆದೆನು. ಈ ಎರಡು ಕೆಲಸ ಮಾಡುವವನಿಗೆ ಚಪ್ಪಾಳೆ ಸಲ್ಲುವುದಿಲ್ಲ. ಆದರೆ ರಂಗದ ಮೇಲೆ ನಡೆದದ್ದು, ರಂಗದ ಹಿಂದೆ ನಡೆದದ್ದು ಎರಡೂ ಅವನ ಕಣ್ಣಿಗೆ ಬೀಳುತ್ತವೆ. ಹಾಗೆ ಕಂಡದ್ದನ್ನೇ ಇಂದು ಅರಿಕೆ ಮಾಡಿಕೊಳ್ಳುತ್ತೇನೆ.

ರಂಗಂಪೇಟೆ ಎಲ್ಲಿಯದೆಂದು ತಮ್ಮಲ್ಲಿ ಹಲವರು ಕೇಳಬಹುದು. ಈಗಿನ ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಅಂಟಿಕೊಂಡಿರುವ ಪೇಟೆ ಅದು. ಸುರಪುರವೆಂದರೆ ಬೇಡ ನಾಯಕರ ಸಂಸ್ಥಾನ. 1705ರಲ್ಲಿ ಔರಂಗಜೇಬನು ಇಳಿವಯಸ್ಸಿನಲ್ಲಿ ತಾನೇ ಬಂದು ಮುತ್ತಿದ ವಾಗಿನಗೇರಿ ಕೋಟೆ ಇವರದೇ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಅದೇ ವರ್ಷ ಸೆರೆಯಲ್ಲಿ ಮಡಿದ ರಾಜಾ ವೆಂಕಟಪ್ಪ ನಾಯಕನೂ ಇಲ್ಲಿಯವನೇ. ಆ ಅರಸನು ಬಾಲಕನಾಗಿದ್ದಾಗ ಸಂಸ್ಥಾನದ ಮೇಲ್ವಿಚಾರಣೆಗೆಂದು ಬಂದ ಮೆಡೋಸ್ ಟೇಲರ್ ಸಾಹೇಬನು ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆಯನ್ನು ಇಂದಿಗೂ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ. ಬಂಗಾರದ ಲೇಪವಿಟ್ಟು ಬರೆಯುವ ಸುರಪುರ ಚಿತ್ರಕಲೆಯ ಹೆಸರನ್ನು ತಾವು ಕೇಳಿರಬಹುದು. ವೇಣುಗೋಪಾಲಸ್ವಾಮಿಯ ಜಾತ್ರೆಯಲ್ಲಿ ಹಾಲೋಕಳಿಯ ದಿನ ತರುಣರು ಜಾರುವ ಕಂಬಗಳನ್ನು ಏರುವುದನ್ನು ನೋಡಲು ಸುತ್ತಣ ಹಳ್ಳಿಗಳು ಬರಿದಾಗುತ್ತವೆ. ಒಟ್ಟಿನಲ್ಲಿ, ಜನ ಸೇರುವುದೆಂದರೆ ಏನೆಂದು ಬಲ್ಲ ಊರು.

ಹಾಗಿದ್ದರೂ ಜನ ಸೇರುವುದೇ ಕಷ್ಟವಾಗಿದ್ದ ಕಾಲವೊಂದಿತ್ತು. ಆ ಸೀಮೆಯೆಲ್ಲ 1948ರ ಸೆಪ್ಟೆಂಬರ್ 17ರ ವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು, ಮೇಲ್ತರಗತಿಯ ಪಾಠವೂ ಉರ್ದು. 1929ರಲ್ಲಿ ಹೊರಟ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯ ಮೇರೆಗೆ, ಮುಂದಾಗಿ ಅಪ್ಪಣೆ ಪಡೆಯದೆ ಸಾರ್ವಜನಿಕ ಸಭೆ ಕೂಡಿಸುವಂತಿರಲಿಲ್ಲ. ಅಂತಹ ದಿನಗಳಲ್ಲಿ ಕನ್ನಡಿಗರಿಗೆ ಆಸರೆಯಾದದ್ದು ಹಬ್ಬ. ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ನವರಾತ್ರಿಯನ್ನು ನಾಡಹಬ್ಬವೆಂದು ಆಚರಿಸುವ ಪದ್ಧತಿಗೆ ಮೊದಲು ಹಾಕಿತಷ್ಟೆ. ಆ ಪದ್ಧತಿ ಕೃಷ್ಣೆಯನ್ನು ದಾಟಿ ಈ ಕಡೆಗೂ ಬಂದಿತು. ನಿಜಾಮ ಆಳ್ವಿಕೆಯ ದಿನಗಳಲ್ಲಿಯೇ ಹುಟ್ಟಿದ ರಂಗಂಪೇಟೆಯ ಕನ್ನಡ ಸಾಹಿತ್ಯ ಸಂಘವು ದಸರೆಯಲ್ಲಿ ನಾಡಹಬ್ಬವನ್ನು ನಡೆಸಿಕೊಂಡು ಬಂದದ್ದು ಆ ಊರಿನ ಹೆಮ್ಮೆ. ದೇವಿಯ ಪೂಜೆಗೆಂದು ಕೂಡಿದವರನ್ನು ಚದುರಿಸುವುದು ಯಾವ ಅಮಲ್ದಾರನಿಗೂ ಸುಲಭವಲ್ಲ. ಪೂಜೆಯ ನಂತರ ಒಂದು ಉಪನ್ಯಾಸ, ಒಂದು ಹಾಡು. ಇನ್ನು ಓಣಿ ಓಣಿಗಳಲ್ಲಿ ಹಬ್ಬದ ನೆವದಿಂದ ಒಂದು ನಾಟಕ. ಓದು ಬಾರದವನೂ ಅಲ್ಲಿ ಎರಡು ತಾಸು ಶುದ್ಧ ಕನ್ನಡವನ್ನು ಕಿವಿತುಂಬ ಕೇಳುತ್ತಿದ್ದನು. ಹವ್ಯಾಸದ ನಾಟಕವನ್ನು ಹೊತ್ತು ಕಳೆಯುವ ಚಟವೆಂದು ಹಗುರಾಗಿ ಕಾಣುವವರಿಗೆ ನಾನು ಈ ಸಂಗತಿಯನ್ನು ಜ್ಞಾಪಿಸುವುದುಂಟು.

ನಾನು ಅಲ್ಲಿಗೆ ಹೋಗುವ ಹೊತ್ತಿಗೆ ನಿಜಾಮನೂ ಇರಲಿಲ್ಲ, ಗಸ್ತಿಯೂ ಇರಲಿಲ್ಲ. ನಾಟಕದ ಹುಚ್ಚು ಮಾತ್ರ ಉಳಿದಿತ್ತು. ಬಯಲಾಟ ದೊಡ್ಡಾಟಗಳ ನೆಲ ಅದು. ಅದರ ಮೇಲೆ ಕಂಪನಿ ನಾಟಕಗಳ ಮಳೆ ಸುರಿದಿತ್ತು. ಸಂಘಗಳವರು ಹೆಚ್ಚಾಗಿ ಆರಿಸುತ್ತಿದ್ದವು ಎರಡು ಬಗೆ. ಪೌರಾಣಿಕ ಬೇಕೆಂದರೆ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯೋ ‘ಕುರುಕ್ಷೇತ್ರ’ವೋ, ಸಾಮಾಜಿಕ ಬೇಕೆಂದರೆ ಪಿ. ಬಿ. ಧುತ್ತರಗಿಯವರದು. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರರ ಚಲನಚಿತ್ರವಾದ ಮೇಲಂತೂ ಪ್ರತಿಯೊಂದು ಹಳ್ಳಿಯಲ್ಲಿಯೂ ಒಬ್ಬೊಬ್ಬ ಭದ್ರ ಹುಟ್ಟಿಕೊಂಡನು. ಇಬ್ಬರೂ ನಾಟಕಕಾರರು ಹುನಗುಂದದ ಸೀಮೆಯವರು. ನಮ್ಮ ಮಾತು ಅವರಿಗೆ ಗೊತ್ತಿತ್ತು, ಅವರ ಮಾತು ನಮ್ಮ ನಾಲಗೆಗೆ ಹೊಂದುತ್ತಿತ್ತು. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿದಂದಿನಿಂದ ಬೆಳೆದ ಇನ್ನೊಂದು ಪರಂಪರೆ, ಅಂದರೆ ಕೈಲಾಸಂ, ಭೀಮಾತೀರದ ಅಗರಖೇಡದಲ್ಲಿ ಹುಟ್ಟಿದ ಶ್ರೀರಂಗ ಇವರ ಪರಂಪರೆ, ಕಾಲೇಜುಗಳ ಗೋಡೆಯೊಳಗೆ ಇತ್ತೇ ಹೊರತು ಓಣಿಯವರೆಗೆ ಬಂದದ್ದು ಕಡಿಮೆ. ಅದು ಬಂದಿದ್ದರೆ ಖರ್ಚು ಅರ್ಧಕ್ಕೆ ಇಳಿಯುತ್ತಿತ್ತೆಂದು ಲೆಕ್ಕದವನಾದ ನನಗೆ ಅನೇಕ ಸಲ ಅನಿಸಿದೆ: ಒಂದು ಮನೆಯ ಪಡಸಾಲೆ, ಎರಡು ಕುರ್ಚಿ, ಐದಾರು ಜನ. ಆದರೆ ಗದೆ ಕಿರೀಟಗಳಿಲ್ಲದ ನಾಟಕಕ್ಕೆ ಜಾಗರಣೆ ಮಾಡಲು ನಮ್ಮವರು ಒಪ್ಪುತ್ತಿರಲಿಲ್ಲ.

ನಾಟಕವನ್ನು ಗೊತ್ತುಮಾಡಿದ ಮೇಲೆ ಮೊದಲ ಕೆಲಸ ಪೇಟಿ ಮಾಸ್ತರರನ್ನು ಹುಡುಕುವುದು. ಹಾರ್ಮೋನಿಯಂ ನುಡಿಸುವವರೇ ಹಾಡು ಕಲಿಸುವವರು, ಅವರೇ ನಿರ್ದೇಶಕರು, ಜಗಳ ಬಿಡಿಸುವವರೂ ಅವರೇ. ತಾಲೀಮು ರಾತ್ರಿ ಊಟದ ನಂತರ, ಶಾಲೆಯ ಅಂಕಣದಲ್ಲಿ. ದಸರೆ ಬರುವುದು ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ. ಹಗಲೆಲ್ಲ ಕೂರಿಗೆಯ ಹಿಂದೆ ನಡೆದ ಅರ್ಜುನ ರಾತ್ರಿ ಹತ್ತಕ್ಕೆ ಕುಳಿತಲ್ಲಿಯೇ ತೂಕಡಿಸುತ್ತಿದ್ದನು. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದು ಕೆಲವರು ಭತ್ತಕ್ಕೆ ಇಳಿದ ಮೇಲೆ ಬಿಡುವು ಇನ್ನೂ ಕಡಿಮೆಯಾಯಿತು. ಆದುದರಿಂದ, ತಾಲೀಮಿನ ದಿನಗಳನ್ನು ಗೋಡೆಯ ಕ್ಯಾಲೆಂಡರು ನೋಡಿ ಗೊತ್ತುಮಾಡಬೇಡಿರಿ. ಆಡುವವರ ಕಸುಬು ನೋಡಿ ಗೊತ್ತುಮಾಡಿರಿ. ಇಲ್ಲಿ ಪಾಳಿಯ ಮೇಲೆ ಕೆಲಸಕ್ಕೆ ಹೋಗುವವರಿದ್ದಾರೆ, ಪರೀಕ್ಷೆಗೆ ಕುಳಿತುಕೊಳ್ಳುವವರಿದ್ದಾರೆ. ವಾರಕ್ಕೆ ಮೂರು ರಾತ್ರಿ ಎಲ್ಲರೂ ಬರುವುದು, ಏಳು ರಾತ್ರಿ ಅರ್ಧ ಜನ ಬರುವುದಕ್ಕಿಂತ ಮೇಲು.

ಇನ್ನು ಪಾತ್ರ ಹಂಚುವ ವಿಷಯ. ಇಲ್ಲಿ ನಾನು ನಮ್ಮ ಸಂಘದ ಒಂದು ತಪ್ಪನ್ನು ಬಿಚ್ಚಿ ಹೇಳಬೇಕಾಗಿದೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಆ ಕಡೆಯ ರೂಢಿಯಂತೆ ನಾಟಕದ ಖರ್ಚಿಗೆ ಆಡುವವರೇ ಪಟ್ಟಿ ಕೊಡುತ್ತಾರೆ. ಪಾರ್ಟು ದೊಡ್ಡದಾದಷ್ಟೂ ಪಟ್ಟಿ ದೊಡ್ಡದು. ಮೇಲುನೋಟಕ್ಕೆ ಇದು ನ್ಯಾಯವೆಂದೇ ತೋರುತ್ತದೆ. 1970ರ ದಶಕದ ಕೊನೆಯ ಒಂದು ದಸರೆಗೆ ನಾವು ‘ರಕ್ತರಾತ್ರಿ’ಯನ್ನು ಎತ್ತಿಕೊಂಡೆವು. ಆ ನಾಟಕದ ಜೀವಾಳ ಶಕುನಿ. ನಮ್ಮ ಓಣಿಯಲ್ಲಿ ಒಬ್ಬ ಸಿಂಪಿಗನ ಕೈಕೆಳಗೆ ಕೆಲಸ ಮಾಡುತ್ತಿದ್ದ ಹುಡುಗನಿದ್ದನು. ಕಾಜಾ ಹಾಕುತ್ತ ಕುಳಿತಲ್ಲಿಯೇ ಶಕುನಿಯ ಮಾತುಗಳನ್ನು ಅವನು ಆಡಿ ತೋರಿಸಿದರೆ ಅರಿವೆ ಹೊಲಿಸಲು ಬಂದವರು ಹೊರಡುವುದನ್ನೇ ಮರೆಯುತ್ತಿದ್ದರು. ಆದರೆ ಶಕುನಿಯ ಪಟ್ಟಿ ಅವನ ಕೈಗೆ ಎಟುಕುವಂತಿರಲಿಲ್ಲ. ಪಾರ್ಟು ಒಬ್ಬ ವ್ಯಾಪಾರಸ್ಥರ ಮಗನಿಗೆ ಹೋಯಿತು. ಹುಡುಗನ ಪಾಲಿಗೆ ಬಂದದ್ದು ದ್ವಾರಪಾಲಕ. ‘ಇರಲಿ ಬಿಡ್ರಿ ಮಾಸ್ತರ, ಮುಂದಿನ ವರ್ಷ ನೋಡೋಣು’ ಎಂದು ಅವನೇ ನನಗೆ ಸಮಾಧಾನ ಹೇಳಿದನು. ಪಟ್ಟಿಯ ಪುಸ್ತಕ ನನ್ನ ಕೈಯಲ್ಲಿದ್ದಿತು. ಒಂದು ಮಾತು ನಾನು ಆಡಬಹುದಾಗಿತ್ತು, ಆಡಲಿಲ್ಲ.

ನಾಟಕದ ರಾತ್ರಿ ನಮ್ಮ ಶಕುನಿ ಎರಡನೆಯ ಪ್ರವೇಶದಲ್ಲಿಯೇ ಕಂಗಾಲಾದನು. ನಾನು ಮಾತು ಎತ್ತಿಕೊಟ್ಟೆ, ಅವನಿಗೆ ಕೇಳಿಸಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಕೊಟ್ಟೆ. ಅವನನ್ನು ಬಿಟ್ಟು ಎಲ್ಲರಿಗೂ ಕೇಳಿಸಿತು. ಮುಂದೆ ಕುಳಿತಿದ್ದ ಮುದುಕರೊಬ್ಬರು ಎದ್ದು, ‘ಖರೇ ಶಕುನಿ ಒಳಗ ಅದಾನ, ಅವನ್ನ ಹೊರಗ ಕಳಸ್ರಿ!’ ಎಂದು ಕೂಗಿದರು. ಬಯಲೆಲ್ಲ ನಕ್ಕಿತು. ನಾನೂ ನಕ್ಕೆ, ಮುಂದಾಗುವುದು ನನಗೆ ಗೊತ್ತಿರಲಿಲ್ಲ. ಮಗನಿಗಾದ ಅವಮಾನಕ್ಕೆ ಸಂಘವೇ ಕಾರಣವೆಂದು ಮುನಿದು, ಆ ಹುಡುಗನ ತಂದೆ ಆ ರಾತ್ರಿ ಕೊಡಬೇಕಾಗಿದ್ದ ಉಳಿದ ಪಟ್ಟಿಯನ್ನು ಕೊಡದೆ ಎದ್ದುಹೋದರು. ಬೆಳಗಿನ ಜಾವ ಮಂಗಳ ಹಾಡಿ ಪರದೆ ಬೀಳುವ ಹೊತ್ತಿಗೆ ಪೆಟ್ಟಿಗೆಯಲ್ಲಿದ್ದ ಹಣ ಸೀನರಿಯವರಿಗೂ ತಬಲಾದವರಿಗೂ ಸರಿಹೋಯಿತು. ಉಳಿದವರು ಇಬ್ಬರು ಹೆಣ್ಣುಮಕ್ಕಳು.

ಈ ಹೆಣ್ಣುಮಕ್ಕಳ ಸಂಗತಿ ತಮಗೆ ಹೊಸದಾಗಿರಬಹುದು. ಹಿಂದೆ ಸ್ತ್ರೀಪಾತ್ರಗಳನ್ನು ಗಂಡಸರೇ ಹಾಕುತ್ತಿದ್ದರು. ಮರಾಠಿಯಲ್ಲಿ ಬಾಲಗಂಧರ್ವರು, ನಮ್ಮಲ್ಲಿ ತಾರುಣ್ಯದ ಏಣಗಿ ಬಾಳಪ್ಪನವರು ಅದರಿಂದಲೇ ಹೆಸರಾದವರು. ಕಾಲಕ್ರಮದಲ್ಲಿ ಜನರು ಅದಕ್ಕೆ ಒಪ್ಪದಾದರು. ಊರಿನ ಹೆಣ್ಣುಮಕ್ಕಳು ಮಾತ್ರ ರಂಗವೇರುವಂತಿಲ್ಲ. ಹೀಗಾಗಿ ಕಂಪನಿಗಳಲ್ಲಿ ದುಡಿದು ಬಿಟ್ಟ ಕಲಾವಿದೆಯರನ್ನು ಊರೂರಿನ ಸಂಘಗಳು ಒಂದು ರಾತ್ರಿಯ ಮಟ್ಟಿಗೆ ಕರೆಸುವುದು ರೂಢಿಯಾಯಿತು. ಅವರು ಸಂಜೆಯ ಬಸ್ಸಿಗೆ ಬಂದು, ಒಂದೇ ತಾಲೀಮು ಮುಗಿಸಿ, ಮುಖ ನೋಡಿರದ ಗಂಡಸರ ಎದುರು ರಾತ್ರಿಯಿಡೀ ಆಡಿ, ಬೆಳಗಿನ ಬಸ್ಸಿಗೆ ಹೋಗುತ್ತಾರೆ. ನಮ್ಮವರು ಮೂರು ತಿಂಗಳಲ್ಲಿ ಕಲಿಯಲಾರದ ಮಾತುಗಳು ಅವರಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತವೆ. ಎಷ್ಟೋ ಹಬ್ಬದ ನಾಟಕಗಳನ್ನು ಉಳಿಸಿದವರು ಅವರೇ. ಹಾಗಿದ್ದೂ ಭಿತ್ತಿಪತ್ರದಲ್ಲಿ ಅವರ ಹೆಸರು ಅಡಿಯಲ್ಲಿ ಸಣ್ಣಕ್ಷರದಲ್ಲಿ. ಊರವರ ಹೆಸರು ಮೇಲೆ ದಪ್ಪಕ್ಷರದಲ್ಲಿ.

ಆ ಬೆಳಗ್ಗೆ ನಾನು ಬಸ್ ನಿಲ್ದಾಣಕ್ಕೆ ಹೋದಾಗ ದ್ರೌಪದಿಯ ಪಾತ್ರ ಮಾಡಿದ್ದಾಕೆ ತನ್ನ ಟ್ರಂಕಿನ ಮೇಲೆ ಕುಳಿತಿದ್ದಳು. ಕಿವಿಯ ಹಿಂದೆ ಬಣ್ಣ ಇನ್ನೂ ಉಳಿದಿತ್ತು. ಅರ್ಧ ಹಣ ಕೈಯಲ್ಲಿಟ್ಟು, ಉಳಿದದ್ದನ್ನು ಕಳಿಸಿಕೊಡುವುದಾಗಿ ಹೇಳಿದೆ. ಆಕೆ ಎಣಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಸಿಟ್ಟಿಲ್ಲದೆಯೇ ಅಂದಳು: ‘ರಾತ್ರಿ ಸ್ಟೇಜಿನ ಮ್ಯಾಲ ತಾಯೀ ಅಂತ ಕಾಲಿಗೆ ಬಿದ್ರಿ. ಮುಂಜಾನಿ ಒಬ್ರೂ ಈ ಕಡಿ ಮಾರಿ ಮಾಡವಲ್ರು, ಮಾಸ್ತರ.’ ಬಸ್ಸು ಬಂದಿತು. ಟ್ರಂಕನ್ನು ಎತ್ತಿಕೊಟ್ಟವನು ನಮ್ಮ ದ್ವಾರಪಾಲಕ. ಅವನೊಬ್ಬನೇ ನನ್ನ ಸಂಗಡ ಬಂದಿದ್ದನು.

ಉಳಿದ ಹಣವನ್ನು ಒಂದು ತಿಂಗಳ ತರುವಾಯ ಮನಿಯಾರ್ಡರು ಮಾಡಿದೆ. ಆಕೆಯ ಹೆಬ್ಬೆಟ್ಟಿನ ಗುರುತಿದ್ದ ರಸೀದಿ ಲೆಕ್ಕದ ಪುಸ್ತಕದಲ್ಲಿ ಇಂದಿಗೂ ಇದೆ. ಮುಂದಿನ ವರ್ಷದ ನಾಟಕಕ್ಕೆ ನಾವು ಕರೆದಾಗ ಆಕೆ ಬರಲಿಲ್ಲ.

ಆ ವರ್ಷದ ಸಭೆಯಲ್ಲಿ ಜಗಳವಾಡಿ ಕೆಲವು ಕಟ್ಟುಗಳನ್ನು ಮಾಡಿಕೊಂಡೆವು. ಪಟ್ಟಿ ಎಲ್ಲರಿಗೂ ಒಂದೇ, ಮತ್ತು ಪಾತ್ರ ಹಂಚುವುದಕ್ಕೆ ಮೊದಲೇ ಅದನ್ನು ಕೂಡಿಸುವುದು; ಕೊಡಲಾರದವನು ಚಪ್ಪರದ ಕೆಲಸ ಮಾಡಿ ತೀರಿಸುವುದು. ಪಾತ್ರ ಬೇಕೆನ್ನುವವರೆಲ್ಲ ಒಂದು ರಾತ್ರಿ ಎಲ್ಲರೆದುರು ಓದಿ ತೋರಿಸಿ, ಪೇಟಿ ಮಾಸ್ತರರು ಹೇಳಿದ್ದಕ್ಕೆ ತಲೆಬಾಗುವುದು. ಹೊರಗಿನಿಂದ ಬಂದ ಕಲಾವಿದೆಯರ ಹಣ ಮೊದಲ ಖರ್ಚು. ಬಣ್ಣ ಹಚ್ಚಿಕೊಳ್ಳುವ ಮೊದಲೇ ಅದು ಅವರ ಕೈ ಸೇರಬೇಕು. ಅವರ ಊಟ ವಸತಿ ಹೆಣ್ಣುಮಕ್ಕಳಿರುವ ಒಂದು ಮನೆಯಲ್ಲಿ; ಬೆಳಗ್ಗೆ ಬಸ್ಸು ಹತ್ತಿಸುವುದು ಅಧ್ಯಕ್ಷರ ಕೆಲಸ, ಇನ್ನೊಬ್ಬರಿಗೆ ವಹಿಸತಕ್ಕದ್ದಲ್ಲ. ಈ ಕೊನೆಯದನ್ನು ಬರೆಸಲು ಎರಡು ತಾಸು ಹಿಡಿಯಿತು. ಮುಂದಿನ ವರ್ಷ ಖರ್ಚು ಸರಿದೂಗಿತು, ನಾಟಕವೂ ಮೇಲಾಯಿತು. ಸಿಂಪಿಗರ ಹುಡುಗ ಮಾತ್ರ ಆ ಹೊತ್ತಿಗೆ ದುಡಿಯಲು ಮುಂಬಯಿಗೆ ಹೋಗಿದ್ದನು. ಅವನ ಶಕುನಿಯನ್ನು ಅಂಗಡಿಯ ಕಟ್ಟೆಯ ಮೇಲೆ ಕಂಡಷ್ಟೇ ನಮ್ಮ ಭಾಗ್ಯ.

ಇದನ್ನೆಲ್ಲ ತಮ್ಮ ಮುಂದೆ ಹೇಳಲು ಕಾರಣವಿದೆ. ಪಾತ್ರವನ್ನು ಹಣಕ್ಕೆ ಕೊಡದ ಊರೊಂದರ ಹೆಸರನ್ನು ತಮ್ಮಲ್ಲಿ ಕೆಲವರು ಬಲ್ಲಿರಿ. ಜರ್ಮನಿಯ ಬವೇರಿಯಾದಲ್ಲಿ ಓಬರಾಮರ್ಗೌ ಎಂಬ ಹಳ್ಳಿಯಿದೆ. 1633ರಲ್ಲಿ ಪ್ಲೇಗು ಬಂದಾಗ ಹೊತ್ತ ಹರಕೆಯ ಪ್ರಕಾರ 1634ರಿಂದ ಆ ಊರವರು ಕ್ರಿಸ್ತರ ಪಾಡುಮರಣದ ನಾಟಕವನ್ನು ಆಡುತ್ತ ಬಂದಿದ್ದಾರೆ. ಬಹುಕಾಲದಿಂದ ಹತ್ತು ವರ್ಷಕ್ಕೊಮ್ಮೆ. 2020ರಲ್ಲಿ ಆಗಬೇಕಾಗಿದ್ದುದು ಕೊರೋನಾ ನಿಮಿತ್ತ 2022ಕ್ಕೆ ಹೋಯಿತು. ಅಲ್ಲಿ ಹುಟ್ಟಿದವರಿಗೆ, ಇಲ್ಲವೆ ಇಪ್ಪತ್ತು ವರ್ಷ ಅಲ್ಲಿಯೇ ಬಾಳಿದವರಿಗೆ ಮಾತ್ರ ಪಾತ್ರ. ನೂರಾರು ಜನ ಬಡಗಿಗಳು, ಶಿಕ್ಷಕರು, ಅಂಗಡಿಯವರು ತಿಂಗಳುಗಟ್ಟಲೆ ಗಡ್ಡ ಬೆಳೆಸಿ ಕಾದಿರುತ್ತಾರೆ. ಇಷ್ಟೆಲ್ಲ ಇದ್ದೂ, ಮದುವೆಯಾದ ಅಥವಾ 35 ವರ್ಷ ಮೀರಿದ ಹೆಂಗಸರು ಅಲ್ಲಿ ರಂಗವೇರುವಂತಿರಲಿಲ್ಲ! ಅದಕ್ಕಾಗಿ ಹೆಣ್ಣುಮಕ್ಕಳು ನ್ಯಾಯಾಲಯಕ್ಕೆ ಹೋಗಬೇಕಾಯಿತು. 1990ರಲ್ಲಿ ಆ ಕಟ್ಟಳೆ ಬಿದ್ದಿತು. ನಮ್ಮಲ್ಲಿ ಆರ್. ನಾಗರತ್ನಮ್ಮನವರು 1958ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಗಂಡುಪಾತ್ರಗಳನ್ನೂ ಹೆಣ್ಣುಮಕ್ಕಳಿಂದಲೇ ಆಡಿಸಿ, ತಾವೇ ಗದೆ ಹಿಡಿದು ನಿಂತದ್ದನ್ನು ನೆನೆದರೆ ಯಾರು ಮುಂದೆ ಯಾರು ಹಿಂದೆ ಎಂದು ಹೇಳುವುದು ಕಷ್ಟ.

ರಂಗಂಪೇಟೆಯಲ್ಲಿ ನಾನಿದ್ದಷ್ಟು ಕಾಲ ನಮ್ಮ ಓಣಿಯ ಒಬ್ಬ ಹೆಣ್ಣುಮಗಳೂ ರಂಗದ ಮೇಲೆ ಬರಲಿಲ್ಲ. ಈ ವಿಷಯದಲ್ಲಿ ತಮ್ಮ ಸ್ಥಿತಿ ನಮ್ಮದಕ್ಕಿಂತ ಬಹಳ ಮೇಲು. ಇಲ್ಲಿಯ ಗಾಯನ ವೃಂದದಲ್ಲಿ ಹುಡುಗರು ಹುಡುಗಿಯರು ಒಂದೇ ಪುಸ್ತಕ ಹಿಡಿದು ಹಾಡುವುದನ್ನು ಈಗ ತಾನೇ ಕಂಡೆ. ಅವರೇ ನಾಟಕದಲ್ಲಿಯೂ ಒಟ್ಟಿಗೆ ನಿಲ್ಲಲು ಯಾವ ಅಡ್ಡಿಯಿದೆ? ಆದರೆ ಹುಡುಗಿಯರ ಮನೆಗಳಿಗೆ ಹಿರಿಯರೊಬ್ಬರು ಹೋಗಿ ಕೇಳಿಕೊಳ್ಳಬೇಕು. ತಾಲೀಮು ರಾತ್ರಿ ಒಂಬತ್ತಕ್ಕೆ ಮುಗಿಯಬೇಕು. ಅವರನ್ನು ಮನೆ ಮುಟ್ಟಿಸುವ ಏರ್ಪಾಡು ಇರಬೇಕು. ಇದಿಷ್ಟನ್ನು ಮಾಡದೆ ‘ನಮ್ಮಲ್ಲಿ ಹೆಣ್ಣುಮಕ್ಕಳು ಮುಂದೆ ಬರುವುದಿಲ್ಲ’ ಎಂದು ದೂರುವುದು ತರವಲ್ಲ.

ಸಣ್ಣಪುಟ್ಟ ಸಂಗತಿಗಳು ಇನ್ನೂ ಕೆಲವು ಇವೆ. ನಮ್ಮ ಕಡೆ ಆಹೇರಿಯೆಂಬ ಪದ್ಧತಿಯುಂಟು. ಪಾತ್ರಧಾರಿಯ ಬೀಗರು, ಗೆಳೆಯರು ನಾಟಕದ ನಡುವೆಯೇ ರಂಗಕ್ಕೆ ಬಂದು ಧೋತರ, ಉಂಗುರ, ನೋಟು ಉಡುಗೊರೆ ಮಾಡುತ್ತಾರೆ. ಪ್ರೀತಿಯ ಪದ್ಧತಿ, ಅಲ್ಲವೆನ್ನಲಾರೆ. ಆದರೆ ಅಶ್ವತ್ಥಾಮನು ಖಡ್ಗವೆತ್ತಿ ನಿಂತಾಗ ಅವನ ಮಾವನವರು ಟಾವೆಲು ಹೊದಿಸಲು ಬಂದರೆ ಕೊಲ್ಲುವುದೋ ಕೈಮುಗಿಯುವುದೋ ತಿಳಿಯದೆ ಅವನು ನಿಂತುಬಿಡುತ್ತಾನೆ. ತಮ್ಮಲ್ಲಿ ಸನ್ಮಾನಗಳಿದ್ದರೆ ಮೊದಲೇ ಮುಗಿಸಿಬಿಡಿರಿ. ಭಾಷಣಗಳನ್ನೂ ಅಷ್ಟೇ, ಮೂರು ಭಾಷಣಗಳ ನಂತರ ಪ್ರಾರಂಭವಾಗುವ ನಾಟಕಕ್ಕೆ ಮಕ್ಕಳೆಲ್ಲ ಮಲಗಿಬಿಟ್ಟಿರುತ್ತಾರೆ.

ಬೆಳತನಕ ಆಡುವ ಕಾಲ ಹೋಯಿತು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರ ವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗಾಗಿ ಸರಕಾರವು ವರ್ಷದಲ್ಲಿ ಕೆಲವೇ ದಿನ, ಅದೂ ನಡುರಾತ್ರಿಯವರೆಗೆ ಮಾತ್ರ, ಸಡಿಲಿಸಬಹುದು. ಆದುದರಿಂದ ಎರಡು ಗಂಟೆಯ ನಾಟಕವನ್ನೇ ಆರಿಸಿರಿ. ನಾಟಕಕಾರರ ಹಕ್ಕಿನ ವಿಷಯವನ್ನು ಕಾರ್ಯದರ್ಶಿಗಳು ಕೇಳಿದರು. ಹವ್ಯಾಸಿ ಸಂಘವು ಟಿಕೆಟ್ ಇಡದೆ ಆಡಿದರೆ, ಇಲ್ಲವೆ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, ನಮ್ಮ ದೇಶದ ಗ್ರಂಥಸ್ವಾಮ್ಯ ಕಾಯ್ದೆ ಅದಕ್ಕೆ ವಿನಾಯಿತಿ ಕೊಟ್ಟಿದೆ. ಕಾಯ್ದೆ ಬಿಟ್ಟಿತೆಂದು ನಾವು ಬಿಡಬಾರದು. ಬರೆದವರು ಬದುಕಿದ್ದರೆ ಅವರಿಗೆ, ಇಲ್ಲದಿದ್ದರೆ ಅವರ ಮನೆಯವರಿಗೆ ಒಂದು ಕಾಗದ ಬರೆದು, ಕೈಲಾದಷ್ಟು ಕಾಣಿಕೆ ಕಳಿಸಿರಿ. ಕರೆಯೋಲೆಯಲ್ಲಿ ಅವರ ಹೆಸರು ಇರಲೇಬೇಕು.

ನಾಟಕದ ಮರುದಿನ ಎಲ್ಲರೂ ದಣಿದಿರುತ್ತಾರೆ. ಲೆಕ್ಕ ಬರೆಯಬೇಕಾದದ್ದು ಆ ದಿನವೇ. ಬಂದದ್ದೆಷ್ಟು, ಹೋದದ್ದೆಷ್ಟು, ಯಾರ ಬಾಕಿಯೆಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಮುಂದಿನ ಭಾನುವಾರ ಪೂಜೆ ಮುಗಿದು ಜನ ಹೊರಬರುವಾಗ ಕಾಣುವಂತೆ ಅಂಟಿಸಿರಿ. ಪರದೆಗಳನ್ನು ಹಿಂದಿರುಗಿಸುವಾಗ ಎಣಿಸಿಕೊಳ್ಳಿರಿ. ನಮ್ಮ ಅಡವಿಯ ಪರದೆಯೊಂದು ತಪ್ಪಿಹೋಗಿ ಅದರ ಬೆಲೆಯನ್ನು ಎರಡು ವರ್ಷ ತೀರಿಸಿದ್ದೇವೆ.

ಐದು ನಾಟಕಗಳ ಪುಸ್ತಕಗಳನ್ನು ತಂದಿದ್ದೇನೆ. ಅಲ್ಲಿ ಮೇಜಿನ ಮೇಲಿವೆ. ಎರಡರಲ್ಲಿ ಹೆಣ್ಣುಪಾತ್ರಗಳೇ ಹೆಚ್ಚು. ಜೊತೆಗೆ ನಮ್ಮ ಹಳೆಯ ಲೆಕ್ಕದ ಪುಸ್ತಕವೂ ಇದೆ, ನೋಡಬೇಕೆನ್ನುವವರು ನೋಡಬಹುದು. ರಸೀದಿ ಮಾತ್ರ ಹರಿಯದಂತೆ ತಿರುವಿ ಹಾಕಬೇಕೆಂದು ಕೋರುತ್ತೇನೆ. ಹಬ್ಬಕ್ಕೆ ಇನ್ನು ಹತ್ತು ವಾರಗಳಿವೆ. ಓದಿ ತೋರಿಸುವ ರಾತ್ರಿಯನ್ನು ಈ ಸಭೆ ಚದುರುವುದರೊಳಗೆ ಗೊತ್ತುಮಾಡಿದರೆ ನಾನೂ ಬರುತ್ತೇನೆ, ಪುಸ್ತಕ ಹಿಡಿಯಲು.